ಬೇಸಿಗೆಯ ಹಿತ್ತಲು

ಯುಗಾದಿ ಕಳೆಯಿತೆಂದರೆ ಕರ್ನಾಟಕದ ಬಯಲುಸೀಮೆಯಲ್ಲಿ ಬಿಸಿಲಿನ ಆಳ್ವಿಕೆ ಮೊದಲಾಗುತ್ತದೆ. ಕಲಬುರಗಿ, ರಾಯಚೂರು, ವಿಜಯಪುರ ಮೊದಲಾದ ಕಡೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಅಪೂರ್ವವೇನಲ್ಲ. ಕೆರೆಗಳು ಬತ್ತುತ್ತವೆ; ಬಾವಿಗಳ ನೀರು ಪಾತಾಳಕ್ಕಿಳಿಯುತ್ತದೆ. ಸಂತೆಗೆ ಬರುವ ಕಾಯಿಪಲ್ಯ ಕಡಿಮೆಯಾಗಿ, ಬಂದುದರ ಬೆಲೆ ಏರುತ್ತದೆ. ಆಗ ಬಡ ಸಂಸಾರಗಳ ಊಟದಿಂದ ಮೊಟ್ಟಮೊದಲು ಮರೆಯಾಗುವುದು ತರಕಾರಿಯೇ. ರೊಟ್ಟಿಗೆ ಖಾರದ ಪುಡಿ, ಅನ್ನಕ್ಕೆ ತಿಳಿಸಾರು ಇದ್ದರೆ ಹಸಿವೇನೋ ಹಿಂಗೀತು; ಆದರೆ ದೇಹಕ್ಕೆ ಬೇಕಾದ ಕಬ್ಬಿಣ, ಸುಣ್ಣ, ಜೀವಸತ್ವಗಳ ಕೊರತೆ ಹಾಗೆಯೇ ಉಳಿಯುತ್ತದೆ. ಒಬ್ಬ ವಯಸ್ಕನು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳನ್ನು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಸಿಗೆಯಲ್ಲಿ ಈ ಅಳತೆಯನ್ನು ಮುಟ್ಟುವುದು ಕಷ್ಟ. ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸುವ ಶಕ್ತಿ ಮನೆಯ ಹಿತ್ತಲಿಗೆ ಉಂಟು.

ಆದರೆ ಬೇಸಿಗೆ ಬಂದೊಡನೆ ಹಿತ್ತಲನ್ನು ಹಾಳುಬಿಡುವುದೇ ಅನೇಕರ ರೂಢಿ. "ಇಂಥ ಬಿಸಿಲಿನಲ್ಲಿ ಏನು ಬೆಳೆದೀತು?" ಎಂದು ಜನ ಕೇಳುತ್ತಾರೆ. ಬಿಸಿಲು ಎಲ್ಲ ಸಸ್ಯಗಳಿಗೂ ಶತ್ರುವಲ್ಲ. ಸಸ್ಯವು ತನ್ನ ಆಹಾರವನ್ನು ತಯಾರಿಸಿಕೊಳ್ಳುವುದೇ ಸೂರ್ಯನ ಬೆಳಕಿನಿಂದ. ಬೇಸಿಗೆಯ ನಿಜವಾದ ಸಮಸ್ಯೆಗಳು ಎರಡು: ಕಾಲಕ್ಕೆ ಒಗ್ಗದ ಬೆಳೆಯನ್ನು ಹಾಕುವುದು ಒಂದು, ಇದ್ದ ನೀರನ್ನು ಗಾಳಿಗೆ ತೆರುವುದು ಇನ್ನೊಂದು. ಈ ಎರಡನ್ನು ಅರಿತು ನಡೆದರೆ ಬೇಸಿಗೆಯಲ್ಲಿಯೂ ಹಿತ್ತಲು ಹಸಿರಾಗಿರಬಲ್ಲದು.

ಪ್ರತಿಯೊಂದು ಸಸ್ಯಕ್ಕೂ ತನ್ನದೇ ಆದ ತವರಿನ ನೆನಪು ಇರುತ್ತದೆ. ಎಲೆಕೋಸು, ಹೂಕೋಸುಗಳು ತಂಪು ಹವೆಯ ಯೂರೋಪಿನಿಂದ ಬಂದವು. ಚಳಿಗಾಲದಲ್ಲಿ ಅವು ಸೊಗಸಾಗಿ ಬೆಳೆಯುತ್ತವೆ. ಬೇಸಿಗೆಯಲ್ಲಿ ಎಷ್ಟು ನೀರೆರೆದರೂ ಸೊರಗುತ್ತವೆ. ಸೌತೆ, ಹೀರೆಗಳಿಗೆ ಭಾರತವೇ ತವರು. ಸೋರೆ, ಅಲಸಂದೆಗಳಿಗೆ ಆಫ್ರಿಕ ಖಂಡ ತವರು. ಇವು ಬಿಸಿಲಿನಲ್ಲಿ ಹುಟ್ಟಿ ಬಿಸಿಲಿನಲ್ಲಿ ಬಾಳಿದ ಕುಲಗಳು. ಬೆಂಡೆ, ಬದನೆ, ಹಾಗಲ, ತೊಂಡೆ, ಗೋರಿಕಾಯಿಗಳೂ ಈ ಗುಂಪಿಗೇ ಸೇರುತ್ತವೆ. ಸೊಪ್ಪುಗಳಲ್ಲಿ ದಂಟು, ರಾಜಗಿರಿ, ಬಸಳೆ, ಪುಂಡಿಗಳು ಬೇಸಿಗೆಯ ಬಂಧುಗಳು. ದಂಟಿನ ಜಾತಿಯ ಸಸ್ಯಗಳಿಗೆ ಒಂದು ವಿಶೇಷ ಗುಣವಿದೆ. ಜೋಳ, ಕಬ್ಬುಗಳಂತೆ ಅವೂ ಬಿರುಬಿಸಿಲಿನಲ್ಲಿ ಕಡಿಮೆ ನೀರನ್ನು ಬಳಸಿ ಹೆಚ್ಚು ಆಹಾರವನ್ನು ತಯಾರಿಸಬಲ್ಲವು. ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಅಡುಗೆಗೆ ಒದಗುತ್ತದೆ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯಂತೆ, ತಾನಾಗಿ ಹುಟ್ಟಿ ಬರುವ ಇಂಥ ಸೊಪ್ಪನ್ನು ಕಡೆಗಣಿಸಿ ಪೇಟೆಯ ಬಾಡಿದ ಕೋಸಿಗೆ ಹಣ ತೆರುವವರಿದ್ದಾರೆ.

ಟೊಮೇಟೊ ಗಿಡದ ವಿಷಯವನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಅದು ಬೇಸಿಗೆಯಲ್ಲಿ ಬೆಳೆಯುತ್ತದೆ, ಹೂವನ್ನೂ ಬಿಡುತ್ತದೆ. ಆದರೆ ಕಾಯಿ ಕಚ್ಚುವುದಿಲ್ಲ. ಹಗಲಿನ ಉಷ್ಣಾಂಶ 35 ಡಿಗ್ರಿಯನ್ನು ಮೀರಿ, ಇರುಳೂ ಬಿಸಿಯಾಗಿಯೇ ಇದ್ದಾಗ ಅದರ ಪರಾಗವು ಸತ್ವಹೀನವಾಗಿ ಹೂವು ಉದುರುತ್ತದೆ. ಇದನ್ನರಿಯದವರು ರೋಗವೆಂದು ಭ್ರಮಿಸಿ ಔಷಧ ಸಿಂಪಡಿಸುತ್ತಾರೆ. ಗೊಬ್ಬರ ಸಾಲದೆಂದು ಮತ್ತಷ್ಟು ಹಾಕುತ್ತಾರೆ. ಕಾರಣವನ್ನು ತಿಳಿಯದೆ ಮಾಡಿದ ಉಪಚಾರದಿಂದ ಖರ್ಚು ಹೆಚ್ಚುವುದೇ ಹೊರತು ಕಾಯಿ ಹೆಚ್ಚುವುದಿಲ್ಲ.

ಬೇಸಿಗೆಯ ಬೆಳೆಗೆ ಸಿದ್ಧತೆ ಚಳಿಗಾಲದಲ್ಲಿಯೇ ನಡೆಯಬೇಕು. ಬಳ್ಳಿ ತರಕಾರಿಗಳ ಬೀಜವನ್ನು ಜನವರಿ, ಫೆಬ್ರವರಿಗಳಲ್ಲಿ ಊರಿದರೆ, ಬಿಸಿಲು ಬಲಿಯುವುದರೊಳಗೆ ಬೇರುಗಳು ಆಳಕ್ಕಿಳಿದಿರುತ್ತವೆ. ಬೆಂಡೆಯ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಸುಮಾರು ಏಳು ವಾರಗಳಲ್ಲಿ ಕಾಯಿ ಕೊಯ್ಲಿಗೆ ಬರುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲದಂತೆ ಏರುಮಡಿ ಮಾಡುವುದು ಸರಿ. ಬೇಸಿಗೆಯಲ್ಲಾದರೋ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ತಗ್ಗಾದ ಪಾತಿಯೇ ಲೇಸು. ಎರೆದ ನೀರು ಹೊರಗೆ ಹರಿಯದೆ ಬೇರಿನ ಬಳಿಯಲ್ಲಿಯೇ ಇಂಗುತ್ತದೆ. ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರವನ್ನು ಮಣ್ಣಿಗೆ ಬೆರೆಸಬೇಕು. ಗೊಬ್ಬರವು ಗಿಡಕ್ಕೆ ಆಹಾರ ಮಾತ್ರವಲ್ಲ. ನೀರನ್ನು ಹೀರಿ ಹಿಡಿದಿಡುವ ಗುಣವೂ ಅದಕ್ಕಿದೆ.

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರಕ್ಕೆ ನಿಂತ ನೀರಿನ ಪ್ರಮಾಣ ಸರಿಯಾಗಿ ಒಂದು ಲೀಟರ್. ಬಿರುಬಿಸಿಲಿನ ದಿನ ಬೆಳೆ ತುಂಬಿದ ಪಾತಿಯಿಂದ, ಮಣ್ಣು ಮತ್ತು ಎಲೆಗಳ ಮೂಲಕ, ಸುಮಾರು 6 ಮಿಲಿಮೀಟರಿನಷ್ಟು ನೀರು ಆವಿಯಾಗಬಲ್ಲದು. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ಪಾತಿಯಾದರೆ ಅದರ ವಿಸ್ತೀರ್ಣ 3 ಚದರ ಮೀಟರ್. ದಿನದ ನಷ್ಟ 18 ಲೀಟರ್. ಅಂಥ ನಾಲ್ಕು ಪಾತಿಗಳಿಗೆ 72 ಲೀಟರ್ ಬೇಕಾಗುತ್ತದೆ. ದೂರದಿಂದ ಕೊಡದಲ್ಲಿ ನೀರು ಹೊತ್ತು ತರುವ ಮನೆಗೆ, ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಗೆ ಇದು ಸಣ್ಣ ಹೊರೆಯಲ್ಲ. ಆದ್ದರಿಂದ ನೀರೆರೆಯುವುದಕ್ಕಿಂತಲೂ ನೀರುಳಿಸುವುದೇ ಬೇಸಿಗೆಯ ಬೇಸಾಯದ ಮುಖ್ಯ ವಿದ್ಯೆ.

ನೀರುಳಿಸುವ ಮೊದಲ ಉಪಾಯ ನೆಲಕ್ಕೆ ಹೊದಿಕೆ. ಬರಿನೆಲದ ಮೇಲ್ಮೈ ಬೇಸಿಗೆಯ ನಡುಹಗಲಿನಲ್ಲಿ 50 ಡಿಗ್ರಿಗಿಂತಲೂ ಹೆಚ್ಚು ಕಾಯುತ್ತದೆ. ಅಂಥ ಮಣ್ಣಿನಲ್ಲಿ ಎಳೆಯ ಬೇರುಗಳು ಬೇಯುತ್ತವೆ. ತೇವ ಬೇಗನೆ ಆರುತ್ತದೆ. ಒಣಹುಲ್ಲು, ತರಗೆಲೆ, ಶೇಂಗಾ ಸಿಪ್ಪೆ, ಕಬ್ಬಿನ ರವುದಿ ಇವುಗಳಲ್ಲಿ ಯಾವುದು ದೊರೆತರೂ ಪಾತಿಯ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಬೇಕು. ಕಾಂಡಕ್ಕೆ ಮಾತ್ರ ಅದು ತಗುಲದಂತೆ ತುಸು ಜಾಗ ಬಿಡಬೇಕು. ಹೊದಿಕೆಯ ಕೆಳಗೆ ಮಣ್ಣು ತಂಪಾಗಿರುತ್ತದೆ, ಕಳೆ ಹುಟ್ಟುವುದು ಕಡಿಮೆಯಾಗುತ್ತದೆ, ಎರೆಹುಳುಗಳು ನೆಲೆಸುತ್ತವೆ. ಅಂಗಳದ ತರಗೆಲೆಯನ್ನು ಗುಡಿಸಿ ಬೆಂಕಿಯಿಡುವ ಮನೆಯು ತನ್ನ ನೀರನ್ನೇ ಸುಟ್ಟುಕೊಂಡಂತೆ.

ಎರಡನೆಯ ಉಪಾಯ ಮಣ್ಣಿನ ಗಡಿಗೆ. ಸುಟ್ಟ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ನೆಲದಲ್ಲಿ ಹೂಳಿ, ಸುತ್ತ ನಾಲ್ಕು ಬಳ್ಳಿಗಳನ್ನು ಬೆಳೆಸಿ, ಗಡಿಗೆಗೆ ನೀರು ತುಂಬಿ ಬಾಯಿಯನ್ನು ಮುಚ್ಚಬೇಕು. ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ನೀರು ಮೆಲ್ಲಮೆಲ್ಲನೆ ಹೊರಗೆ ಜಿನುಗುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಜಿನುಗು ಹೆಚ್ಚು. ಮಣ್ಣು ತೇವವಾಗಿದ್ದರೆ ಕಡಿಮೆ. ಹೀಗೆ ಗಿಡಕ್ಕೆ ಬೇಕಾದಷ್ಟೇ ನೀರು, ಬೇಕಾದ ಸ್ಥಳದಲ್ಲಿಯೇ ಒದಗುತ್ತದೆ. ಈ ಕ್ರಮ ಬಹಳ ಹಳೆಯದು. ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ ಚೀನ ದೇಶದ ಫಾನ್ ಷೆಂಗ್‌ಜಿ ಎಂಬ ಕೃಷಿಪಂಡಿತನು ಬರೆದ ಗ್ರಂಥದಲ್ಲಿ ಇದರ ವರ್ಣನೆಯುಂಟು. ಅಡುಗೆಮನೆಯಲ್ಲಿ ಬಾಯಿ ಒಡೆದ ಗಡಿಗೆಗೂ ಹಿತ್ತಲಿನಲ್ಲಿ ಹೀಗೆ ಎರಡನೆಯ ಆಯುಷ್ಯ ದೊರೆಯುತ್ತದೆ.

ನೀರೆರೆಯುವ ಹೊತ್ತನ್ನೂ ಗಮನಿಸಬೇಕು. ಬೆಳಗಿನ ಜಾವ ಎರೆದ ನೀರು ಬಿಸಿಲೇರುವುದರೊಳಗೆ ಬೇರಿಗಿಳಿಯುತ್ತದೆ. ದಿನವೂ ಮೇಲ್ಮಣ್ಣು ನೆನೆಯುವಷ್ಟೇ ಚಿಮುಕಿಸುವುದಕ್ಕಿಂತ, ಕೆಲವು ದಿನಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ಎರೆಯುವುದು ಮೇಲು. ನೀರಿನ ಬೆನ್ನು ಹತ್ತಿ ಬೇರುಗಳೂ ಆಳಕ್ಕಿಳಿಯುತ್ತವೆ. ಮಧ್ಯಾಹ್ನದ ಹೊತ್ತಿಗೆ ಸೋರೆ, ಕುಂಬಳದ ದೊಡ್ಡ ಎಲೆಗಳು ಜೋತುಬೀಳುವುದನ್ನು ಕಂಡು ಕೆಲವರು ಗಾಬರಿಯಾಗಿ ಮತ್ತೆ ನೀರು ಸುರಿಯುತ್ತಾರೆ. ಬೇರು ಹೀರಿಕೊಳ್ಳುವ ವೇಗಕ್ಕಿಂತ ಎಲೆಯಿಂದ ಆವಿ ಹೋಗುವ ವೇಗ ಹೆಚ್ಚಾದಾಗ, ಮಣ್ಣಿನಲ್ಲಿ ನೀರಿದ್ದರೂ ಎಲೆ ಬಾಡುವುದುಂಟು. ಸಂಜೆ ತಂಪಾದೊಡನೆ ಅದು ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆಯೂ ಎಲೆ ಬಾಡಿದ್ದರೆ ಮಾತ್ರ ಗಿಡಕ್ಕೆ ನಿಜವಾದ ಬಾಯಾರಿಕೆಯೆಂದು ತಿಳಿಯಬೇಕು. ಅನುಮಾನವಿದ್ದಾಗ ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿದರೆ ಉತ್ತರ ದೊರೆಯುತ್ತದೆ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನೇರವಾಗಿ ಪಾತಿಗೆ ಬಿಡಬಹುದು. ಸಾಬೂನು ಬೆರೆತ ಬಚ್ಚಲ ನೀರನ್ನು ಸೊಪ್ಪಿನ ಪಾತಿಗೆ ಬಿಡಬಾರದು. ಜಲ್ಲಿ, ಮರಳು ತುಂಬಿದ ಗುಣಿಯ ಮೂಲಕ ಹಾಯಿಸಿ ಬಾಳೆಯ ಬುಡಕ್ಕೆ ಹರಿಸುವುದು ಯೋಗ್ಯ. ಚರಂಡಿಗೆ ಹರಿದು ಸೊಳ್ಳೆಗಳನ್ನು ಸಾಕುವ ನೀರು ಆಗ ಬಾಳೆಯನ್ನು ಸಾಕುತ್ತದೆ.

ನೀರಿನ ಬಳಿಕ ನೆರಳಿನ ವಿಚಾರ. ಅಪರಾಹ್ನದ ಪಡುವಣ ಬಿಸಿಲು ಅತ್ಯಂತ ತೀಕ್ಷ್ಣವಾದುದು. ಹಿತ್ತಲಿನ ಪಶ್ಚಿಮಕ್ಕೆ ನುಗ್ಗೆಯನ್ನು ಬೆಳೆಸಿ, ಅದರ ಮಗ್ಗುಲಲ್ಲಿ ಹೀರೆ, ಹಾಗಲಗಳಿಗೆ ಚಪ್ಪರ ಹಾಕಿದರೆ, ಅವುಗಳ ಮರೆಯಲ್ಲಿ ಕೊತ್ತಂಬರಿ, ಮೆಂತೆಯಂತಹ ಸುಕುಮಾರ ಸೊಪ್ಪುಗಳಿಗೂ ಆಶ್ರಯ ದೊರೆಯುತ್ತದೆ. ಬಳ್ಳಿಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಸಣ್ಣ ಕಾಯಿಯ ಆಕಾರವಿರುತ್ತದೆ. ಬಿಸಿಲು ಹೆಚ್ಚಾದಾಗ ಗಂಡು ಹೂಗಳೇ ಅಧಿಕವಾಗುತ್ತವೆ. ಹಾಗಲ, ಸೌತೆಗಳ ಹೂವು ಬೆಳಿಗ್ಗೆ ಅರಳುತ್ತದೆ. ಜೇನುನೊಣ ಅದರ ಬಂಧು. ಸೋರೆಯ ಬಿಳಿಯ ಹೂವು ಸಂಜೆ ಅರಳಿ ಪತಂಗಗಳಿಗಾಗಿ ಕಾಯುತ್ತದೆ. ಇವುಗಳ ಸುಳಿವಿಲ್ಲದಿದ್ದರೆ ಗಂಡು ಹೂವನ್ನು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿಗೆ ಮೆಲ್ಲನೆ ಸವರಿದರೂ ಕಾಯಿ ಕಚ್ಚುತ್ತದೆ.

ಬೇಸಿಗೆಯಲ್ಲಿ ಕೀಟಗಳ ಕಾಟವೂ ಉಂಟು. ಬಿಳಿನೊಣಗಳು ಬೆಂಡೆಯ ರಸ ಹೀರುವಾಗ, ಎಲೆಯ ನರಗಳನ್ನು ಹಳದಿಗೊಳಿಸುವ ನಂಜುರೋಗವನ್ನು ಹರಡುತ್ತವೆ. ರೋಗ ತಗುಲಿದ ಗಿಡವನ್ನು ಮರುಕಪಡದೆ ಕಿತ್ತುಹಾಕಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗವನ್ನು ತಡೆದುಕೊಳ್ಳುವಂತೆ ರೂಪಿಸಿದ ಬೆಂಡೆಯ ತಳಿಗೆ 'ಅರ್ಕಾ ಅನಾಮಿಕಾ' ಎಂದು ಹೆಸರು. ಕೀಟಗಳಿಗೆ ಬೇವಿನ ಬೀಜದ ಕಷಾಯ ಸುಲಭವಾದ ಮದ್ದು. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಹಾಕಿ, ಮರುದಿನ ಸೋಸಿ, ಸಂಜೆಯ ತಂಪಿನಲ್ಲಿ ಸಿಂಪಡಿಸಬೇಕು. ಹಣ್ಣುನೊಣ ಕುಟುಕಿ ಕೊಳೆತ ಹೀರೆ, ಹಾಗಲಗಳನ್ನು ಅಲ್ಲಿಯೇ ಬಿಡದೆ ಆಳವಾಗಿ ಹೂಳಬೇಕು.

ಹಿಂದಿನ ಗೃಹಿಣಿಯರು ಬಳ್ಳಿಯ ಅತ್ಯುತ್ತಮವಾದ ಒಂದು ಕಾಯನ್ನು ಕೊಯ್ಯದೆ ಬಿಡುತ್ತಿದ್ದರು. ಅದು ಬಳ್ಳಿಯಲ್ಲಿಯೇ ಬಲಿತು ಒಣಗಿದ ಮೇಲೆ, ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ ಗಡಿಗೆಯಲ್ಲಿ ಕಾಪಾಡುತ್ತಿದ್ದರು. ಬೇಸಿಗೆಯನ್ನು ತಾಳಿ ನಿಂತ ಬಳ್ಳಿಯ ಬೀಜವೇ ಮರುವರ್ಷ ಬಿತ್ತನೆಗೆ ಬರುತ್ತಿದ್ದುದರಿಂದ, ತಲೆಮಾರಿನಿಂದ ತಲೆಮಾರಿಗೆ ಆ ತಳಿ ಆ ಊರಿನ ಬಿಸಿಲಿಗೆ ಹೊಂದಿಕೊಳ್ಳುತ್ತ ಬಂದಿತು. ಅಂಗಡಿಯ ಸಂಕರ ಬೀಜವು ಹೆಚ್ಚು ಫಲ ಕೊಟ್ಟೀತು. ಆದರೆ ಅದರ ಮರಿಬೀಜ ತಾಯಿಯ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಪ್ರತಿವರ್ಷವೂ ಹೊಸದನ್ನು ಕೊಳ್ಳಬೇಕಾಗುತ್ತದೆ. ನಾಟಿ ಬೀಜವನ್ನು ಒಂದು ವರ್ಷ ಕಾಯ್ದಿಡಲು ಮರೆತರೆ, ಅದನ್ನು ಮರಳಿ ಪಡೆಯುವ ದಾರಿ ಮುಚ್ಚಿಹೋಗಬಹುದು. ನೂರಾರು ಬೇಸಿಗೆಗಳು ಕಲಿಸಿದ ಪಾಠ ಆ ಬೀಜದೊಡನೆ ಕಳೆದುಹೋಗುತ್ತದೆ.

ಬೇಸಿಗೆಯ ಹಿತ್ತಲಿಗೆ ದೊಡ್ಡ ಭೂಮಿ ಬೇಡ, ದೊಡ್ಡ ಬಂಡವಾಳವೂ ಬೇಡ. ಶಾಲೆಗೆ ರಜೆ ಬರುವುದೂ ಅದೇ ಕಾಲದಲ್ಲಿ. ಮನೆಯ ಮಕ್ಕಳು ಒಂದು ಪಾತಿಯ ಹೊಣೆಯನ್ನು ಹೊತ್ತು, ಬೆಳಿಗ್ಗೆ ಎರಡು ಕೊಡ ನೀರು ಎರೆದು, ತರಗೆಲೆ ಹೊದಿಸಿ ಕಾಪಾಡಿದರೆ, ಸಂತೆಯಲ್ಲಿ ತರಕಾರಿ ತುಟ್ಟಿಯಾದ ದಿನವೂ ಮನೆಯವರ ಊಟಕ್ಕೆ ಒಂದು ಹಿಡಿ ಸೊಪ್ಪು ಒದಗುತ್ತದೆ. ಜೂನ್ ತಿಂಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದಾಗ, ಬೇಸಿಗೆಯುದ್ದಕ್ಕೂ ಹೊದಿಕೆಯಡಿಯಲ್ಲಿ ಮೆತ್ತಗಾದ ಆ ಮಣ್ಣು ಮುಂದಿನ ಬಿತ್ತನೆಗೆ ಸಿದ್ಧವಾಗಿರುತ್ತದೆ.