ಹಲ್ಲಿನ ಕ್ಲಿಪ್: ತಿಂಗಳಿಗೊಮ್ಮೆ ಡಾಕ್ಟರ್ ಹತ್ರ ಹೋಗ್ಲೇಬೇಕಾ? ತಪ್ಪಿಸಿದ್ರೆ ಏನಾಗುತ್ತೆ?

ದಾವಣಗೆರೆ: ನಮ್ಮೂರಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ. ಒಂದು ಬಾಪೂಜಿ ಡೆಂಟಲ್ ಕಾಲೇಜು, ಇನ್ನೊಂದು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಜೊತೆಗೆ ಖಾಸಗಿ ಕ್ಲಿನಿಕ್‌ಗಳೂ ಇವೆ. ಹೀಗಾಗಿ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸೋಕೆ ಇಲ್ಲಿಗೇ ಬರ್ತಾರೆ. ಹಾಕಿಸಿದ ಮೇಲೆ ತಂದೆ ತಾಯಿ ಕೇಳೋ ಮೊದಲ ಪ್ರಶ್ನೆ, 'ಹಾಕಿದ್ದಾಯ್ತಲ್ಲ, ಮತ್ತೆ ಪ್ರತಿ ತಿಂಗಳು ಯಾಕೆ ಬರಬೇಕು?'

ಪ್ರಶ್ನೆ ನ್ಯಾಯವಾದದ್ದೇ. ಒಂದು ಸಲ ಬಂದು ಹೋದ್ರೆ ಮಗುವಿಗೆ ಒಂದು ದಿನ ಶಾಲೆ ತಪ್ಪುತ್ತೆ, ಅಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತೆ. ಆದ್ರೆ ಡಾಕ್ಟರ್ ಚೀಟಿಯಲ್ಲಿ ಬರೆದುಕೊಡೋ ಆ ತಾರೀಖಿಗೆ ಕಾರಣ ಇದೆ.

ಎಷ್ಟು ದಿನಕ್ಕೊಮ್ಮೆ?

ಸಾಮಾನ್ಯ ಕ್ಲಿಪ್ ಆದ್ರೆ 4ರಿಂದ 8 ವಾರಕ್ಕೊಮ್ಮೆ. ನಮ್ಮ ಕಡೆ ಹೆಚ್ಚಾಗಿ ತಿಂಗಳಿಗೊಮ್ಮೆ ಕರೀತಾರೆ. ಪಾರದರ್ಶಕ ಅಲೈನರ್ ಹಾಕಿಸಿಕೊಂಡವರು ಮನೆಯಲ್ಲೇ ಒಂದೆರಡು ವಾರಕ್ಕೊಮ್ಮೆ ಟ್ರೇ ಬದಲಾಯಿಸ್ಕೋತಾರೆ, ಡಾಕ್ಟರ್ ಹತ್ರ ಹೋಗೋದು ಸ್ವಲ್ಪ ಕಡಿಮೆ. ಆದ್ರೆ ಅದನ್ನ ದಿನಕ್ಕೆ 20ರಿಂದ 22 ಗಂಟೆ ಹಾಕ್ಕೊಂಡೇ ಇರಬೇಕು. ಒಟ್ಟು ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು. ಹಲ್ಲು ಕೀಳಿಸಿ ಜಾಗ ಮಾಡಿದ್ರೆ ಇನ್ನೂ ಸ್ವಲ್ಪ ಜಾಸ್ತಿ.

ಈ ಅಂತರ ಯಾಕೆ?

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ತೆಳ್ಳಗಿನ ನಾರಿನ ಪದರ ಇದೆ. ತಂತಿ ಒಂದು ಕಡೆ ಒತ್ತಿದಾಗ ಆ ಕಡೆಯ ಮೂಳೆ ಕರಗುತ್ತೆ, ಬಿಟ್ಟುಬಂದ ಕಡೆ ಹೊಸ ಮೂಳೆ ಬೆಳೆಯುತ್ತೆ. ಹಲ್ಲು ಸರಿಯೋದು ಹೀಗೆ. ಖಾಲಿ ಜಾಗ ಮುಚ್ಚುವಾಗ ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿದ್ರೆ ಅದೇ ಒಳ್ಳೆ ವೇಗ. ಮೂಳೆ ಕರಗಿ ಮತ್ತೆ ಕಟ್ಟೋಕೆ ಅದರದ್ದೇ ಸಮಯ ಬೇಕು.

ಹಾಗಾದ್ರೆ 15 ದಿನಕ್ಕೊಮ್ಮೆ ಟೈಟ್ ಮಾಡಿಸಿದ್ರೆ ಬೇಗ ಮುಗಿಯುತ್ತಾ? ಇಲ್ಲ. ಒತ್ತಡ ಅತಿಯಾದ್ರೆ ಆ ಜಾಗದಲ್ಲಿ ರಕ್ತ ಸಂಚಾರ ನಿಂತು ಹಲ್ಲು ಸರಿಯೋದೇ ತಡವಾಗುತ್ತೆ. ಹಲ್ಲಿನ ಬೇರಿನ ತುದಿಯೇ ಸವೆದು ಗಿಡ್ಡ ಆಗೋ ಅಪಾಯವೂ ಇದೆ. ಸವೆದ ಬೇರು ವಾಪಸ್ ಬೆಳೆಯಲ್ಲ.

ಇನ್ನೊಂದು ಕಡೆ, ಡಾಕ್ಟರ್ ಎಳೆದು ಕೂರಿಸೋ ರಬ್ಬರ್ ಚೈನ್ ಬಾಯೊಳಗಿನ ಬಿಸಿ, ಎಂಜಲಿಗೆ ಸಡಿಲ ಆಗ್ತಾ ಹೋಗುತ್ತೆ. ಮೊದಲ ದಿನವೇ ಅದರ ಅರ್ಧದಷ್ಟು ಎಳೆತ ಹೋಗಿರುತ್ತೆ. ತಿಂಗಳಾಗೋ ಹೊತ್ತಿಗೆ ಉಳಿಯೋದು ಸ್ವಲ್ಪವೇ. ಅದಕ್ಕೇ ಹೊಸದು ಹಾಕಬೇಕು.

ಹೋದಾಗ ಏನ್ ಮಾಡ್ತಾರೆ?

'ಟೈಟ್ ಮಾಡಿಸೋದು' ಅಂತ ನಾವು ಹೇಳ್ತೀವಿ, ಆದ್ರೆ ಅಲ್ಲಿ ಸ್ಕ್ರೂ ತಿರುಗಿಸೋದೇನೂ ಇಲ್ಲ. ಬಣ್ಣದ ರಬ್ಬರ್ ತೆಗೆದು ತಂತಿ ನೋಡ್ತಾರೆ. ಶುರುವಲ್ಲಿ ತೆಳ್ಳಗಿನ, ಬಗ್ಗಿಸಿದ್ರೂ ಮತ್ತೆ ನೆಟ್ಟಗಾಗೋ ನಿಕ್ಕಲ್-ಟೈಟೇನಿಯಂ ತಂತಿ ಇರುತ್ತೆ. ಹಲ್ಲು ಸಾಲಿಗೆ ಬಂದ ಹಾಗೆ ದಪ್ಪದ ತಂತಿ, ಆಮೇಲೆ ಸ್ಟೀಲ್ ತಂತಿ ಹಾಕ್ತಾರೆ. ಕ್ಲಿಪ್ ಕಿತ್ತಿದ್ರೆ ಮತ್ತೆ ಅಂಟಿಸ್ತಾರೆ. ಹಲ್ಲು, ವಸಡು ಸ್ವಚ್ಛ ಇದ್ಯಾ ಅಂತ ನೋಡ್ತಾರೆ. ಕೆಲಸ ಕಾಲು ಅಥವಾ ಅರ್ಧ ಗಂಟೆಯದ್ದು.

ಆಮೇಲೆ ಎರಡು ಮೂರು ದಿನ ನೋವು ಇರುತ್ತೆ. ಮಾರನೇ ದಿನ ಜಾಸ್ತಿ, ವಾರದೊಳಗೆ ಹೋಗುತ್ತೆ. ಆ ದಿನಗಳಲ್ಲಿ ಅನ್ನ ಸಾರು, ಉಪ್ಪಿಟ್ಟು, ಮೆತ್ತಗಿನ ಬೆಣ್ಣೆ ದೋಸೆ ಸಾಕು.

ತಪ್ಪಿಸಿದ್ರೆ?

ಇದನ್ನ ನಾನು ಅನುಭವದಿಂದಲೇ ಹೇಳ್ತೀನಿ. ಡಿಗ್ರಿ ಎರಡನೇ ವರ್ಷದಲ್ಲಿ ಕ್ಲಿಪ್ ಹಾಕಿಸ್ಕೊಂಡೆ. ಮನೆಯಲ್ಲಿ ದುಡ್ಡಿನ ತೊಂದರೆಯಾಗಿ ಕಾಲೇಜು ಬಿಟ್ಟೆ, ಕಂತು ಕಟ್ಟಲಾಗದೆ ನಾಚಿಕೆಯಿಂದ ಡಾಕ್ಟರ್ ಹತ್ರ ಹೋಗೋದನ್ನೂ ಬಿಟ್ಟೆ. ಏಳು ತಿಂಗಳು ತಂತಿ ಬಾಯಲ್ಲೇ ಇತ್ತು. ನಡುವೆ ಒಂದು ಕ್ಲಿಪ್ ಕಿತ್ತು ಹೋಗಿತ್ತು. ಆ ಹಲ್ಲು ಸ್ವಲ್ಪ ತಿರುಗಿಕೊಂಡಿತು. ಕೊನೆಗೆ ಬಿಚ್ಚಿಸಿದಾಗ ಮುಂದಿನ ಹಲ್ಲುಗಳ ಮೇಲೆ ಕ್ಲಿಪ್ಪಿನ ಸುತ್ತ ಬಿಳಿ ಕಲೆ. ಅವು ಈಗಲೂ ಇವೆ.

ಡಾಕ್ಟರ್ ನೋಡದಿದ್ರೂ ತಂತಿ ಕೆಲಸ ನಿಲ್ಲಿಸಲ್ಲ. ಕ್ಲಿಪ್ ಕಿತ್ತಿದ್ರೆ ಬೇಡದ ಕಡೆಗೂ ಹಲ್ಲು ಸರಿಯಬಹುದು. ಸರಿಯಾಗಿ ಉಜ್ಜದಿದ್ರೆ ಒಂದು ತಿಂಗಳಲ್ಲೇ ಬಿಳಿ ಕಲೆ ಶುರುವಾಗಬಹುದು, ಅದು ಹುಳುಕಿನ ಮೊದಲ ಹೆಜ್ಜೆ. ಒಂದು ವಾರ ಹಿಂದೆ ಮುಂದೆ ಆದ್ರೆ ಚಿಂತೆ ಇಲ್ಲ. ತಿಂಗಳುಗಟ್ಟಲೆ ಬಿಡೋದು ಬೇರೆ ಮಾತು.

ತಾರೀಖಿಗೆ ಕಾಯದೆ ಹೋಗಬೇಕಾದದ್ದು ಯಾವಾಗ?

ಕ್ಲಿಪ್ ಕಿತ್ತಾಗ, ತಂತಿ ಕೆನ್ನೆಗೆ ಚುಚ್ಚಿದಾಗ, ವಸಡು ಊದಿದಾಗ. ಡಾಕ್ಟರ್ ಕೊಟ್ಟ ಮೇಣವನ್ನ ಚುಚ್ಚೋ ಜಾಗಕ್ಕೆ ಅಂಟಿಸಿಕೊಂಡು ಫೋನ್ ಮಾಡಿ. ಬ್ಲೇಡು, ಕಟ್ಟರ್ ತಗೊಂಡು ಮನೆಯಲ್ಲಿ ಕತ್ತರಿಸೋಕೆ ಹೋಗಬೇಡಿ.

ನಮ್ಮ ಜಿಲ್ಲೆಯಲ್ಲಿ ಕ್ಲಿಪ್ ಕೀಳೋ ತಿಂಡಿಗಳಿಗೆ ಬರ ಇಲ್ಲ. ಸುಟ್ಟ ಮೆಕ್ಕೆಜೋಳದ ತೆನೆ, ಕಬ್ಬು, ಕಡಕ್ ರೊಟ್ಟಿ, ಶೇಂಗಾ ಚಿಕ್ಕಿ. ತೆನೆ ತಿನ್ನಲೇಬೇಕು ಅಂದ್ರೆ ಬೇಯಿಸಿ, ಕಾಳು ಬಿಡಿಸಿ ತಿನ್ನಿ. ಜಗಳೂರು ಭಾಗದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಅದರಿಂದ ಹಲ್ಲು ಕಲೆಯಾಗಿದ್ರೆ ಕ್ಲಿಪ್ ಅಷ್ಟು ಗಟ್ಟಿಯಾಗಿ ಅಂಟಲ್ಲ. ಅಂಥವರು ಇನ್ನೂ ಹುಷಾರಾಗಿರಬೇಕು.

ಹಾಕಿಸೋ ಮುಂಚೆ ಇಷ್ಟು ಕೇಳಿ

ಒಟ್ಟು ಎಷ್ಟು ಖರ್ಚು, ಕಂತಿದ್ಯಾ, ಪ್ರತಿ ಸಲ ಬೇರೆ ದುಡ್ಡು ಕಟ್ಟಬೇಕಾ, ಕಿತ್ತ ಕ್ಲಿಪ್ ಅಂಟಿಸೋಕೆ ಎಷ್ಟು? ಡೆಂಟಲ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಕಾಯೋದು ಜಾಸ್ತಿ. ಅಲ್ಲಿ ಪ್ರೊಫೆಸರ್‌ಗಳ ಮೇಲ್ವಿಚಾರಣೆಯಲ್ಲಿ ಪಿಜಿ ವಿದ್ಯಾರ್ಥಿಗಳು ನೋಡ್ತಾರೆ. ಅವರ ಕೋರ್ಸ್ 3 ವರ್ಷ. ನಡುವೆ ಅವರು ಮುಗಿಸಿ ಹೋದ್ರೆ ನಿಮ್ಮ ಫೈಲ್ ಯಾರ ಕೈಗೆ ಹೋಗುತ್ತೆ ಅಂತ ಕೇಳಿಟ್ಟುಕೊಳ್ಳಿ.

ಪಿಯುಸಿಗೋ ಕೆಲಸಕ್ಕೋ ಊರು ಬಿಡೋದಿದ್ರೆ ಮೊದಲೇ ಹೇಳಿ. ಎಕ್ಸ್‌ರೇ, ಹಲ್ಲಿನ ಅಚ್ಚು, ಚಿಕಿತ್ಸೆಯ ವಿವರ ಬರೆಸಿಕೊಂಡ್ರೆ ಬೇರೆ ಊರಿನ ಆರ್ಥೊಡಾಂಟಿಸ್ಟ್ ಮುಂದುವರಿಸಬಹುದು.

ದುಡ್ಡಿಲ್ಲ ಅಂತಾದ್ರೂ ಹೋಗೋದು ನಿಲ್ಲಿಸಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ. ಕಂತು ಮುಂದೆ ಹಾಕಿಸಿಕೊಳ್ಳಬಹುದು, ಇಲ್ಲವೇ ತಂತಿಯನ್ನಾದ್ರೂ ಬಿಚ್ಚಿಸಬಹುದು. ನಾನು ಆ ಒಂದು ಮಾತು ಹೇಳಿದ್ರೆ ಈ ಕಲೆ ಇರ್ತಿರಲಿಲ್ಲ.