ಶತ್ರುವಿನ ಸರದಿ

ಮಳೆಗಾಲದ ರಜೆ. ಎಕ್ಕಂಬಿಯ ನಮ್ಮ ಮನೆ ಜಗುಲಿಯಲ್ಲಿ ಐವರು ಗೆಳೆಯರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಲು ಕೂತೆವು. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ನಾಲ್ವರು ವೀರರ ಪಾತ್ರ ವಹಿಸಿದರು. ಆಟ ನಡೆಸುವವನು ನಾನು. ಶತ್ರುಗಳೆಲ್ಲ ನನ್ನ ಕೈಯಲ್ಲಿ.

ಕಾಳಗಕ್ಕೆ ಮುನ್ನ ಎಲ್ಲರೂ ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಅಂಕೆಗೆ ಪಾತ್ರದ ಚುರುಕುತನದ ಅಂಕೆ ಕೂಡಿಸುತ್ತಾರೆ. ಹೆಚ್ಚು ಬಂದವರಿಗೆ ಮೊದಲ ಸರದಿ. ಒಂದೇ ಜಾತಿಯ ಶತ್ರುಗಳಿಗೆಲ್ಲ ಸೇರಿ ಒಂದೇ ದಾಳ. ತಮ್ಮ ಸರದಿಯಲ್ಲಿ ಪ್ರತಿ ಶತ್ರುವೂ ಒಂದಿಷ್ಟು ದೂರ ಚಲಿಸಿ, ಒಂದು ಏಟು ಹಾಕಬಹುದು. ದಾಳದ ಲೆಕ್ಕ ಎದುರಿನವನ ರಕ್ಷಣೆಯ ಅಂಕೆ ಮುಟ್ಟಿದರೆ ಏಟು ತಾಗಿತು.

ನನ್ನ ಆರೂ ಗಾಬ್ಲಿನ್‌ಗಳು ಮೊದಲ ಸರದಿಯಲ್ಲೇ ಒಬ್ಬ ಗೆಳೆಯನ ಮೇಲೆ ಬಿದ್ದವು. ನಿಯಮದಲ್ಲಿ ತಪ್ಪಿರಲಿಲ್ಲ. ಆದರೆ ತನ್ನ ಸರದಿ ಬರುವ ಮೊದಲೇ ಅವನ ವೀರ ಉರುಳಿದ.

“ಇಂಟರ್‌ವ್ಯೂನಲ್ಲೂ ಹೀಗೇ ಆಯ್ತು. ಬಾಯಿ ತೆರೆಯೋಕೇ ಬಿಡಲಿಲ್ಲ” ಎಂದು ಎದ್ದು ಹೋದ.

ಕವಳ ಹಾಕುತ್ತ ನೋಡುತ್ತಿದ್ದ ಅಜ್ಜ ನನ್ನನ್ನು ಕರೆದರು. “ತಮಾ, ಎದುರಿನವಂಗೆ ಮಾತಾಡಲೆ ಜಾಗ ಬಿಡದೇ ಹೋದ್ರೆ ಅದು ಎಂತಾ ತಾಳಮದ್ದಲೆ?”

ನಿಜ. ತಾಳಮದ್ದಲೆಯಲ್ಲಿ ಕೌರವನ ಅರ್ಥ ಹೇಳುವವರು ಮಾತನ್ನು ಸಡಿಲ ಬಿಡುವುದಿಲ್ಲ; ಆದರೆ ಭೀಮನಿಗೆ ಉತ್ತರಿಸಲು ಒಂದು ಎಳೆ ಉಳಿಸುತ್ತಾರೆ.

ಸಂಜೆ ಗೆಳೆಯನನ್ನು ಕರೆತಂದು ಮತ್ತೆ ಆಡಿದೆವು. ಈ ಸಲ ಗಾಬ್ಲಿನ್‌ಗಳು ಚದುರಿ ಹೊಡೆದವು. ನಾಯಕ ಬಿದ್ದೊಡನೆ ಉಳಿದವು ಓಡಿದವು. ಶತ್ರುವಿಗೂ ಜೀವಭಯ ಇರಬೇಕಲ್ಲ! ಗೆಳೆಯನ ವೀರ ಕೊನೆಗೂ ಸತ್ತ, ಆದರೆ ನಾಲ್ಕು ಸರದಿ ಆಡಿ ಸತ್ತ.

“ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ” ಎಂದ, ದಾಳ ಎತ್ತಿಡುತ್ತ. “ಬಂದಮೇಲೆ ಗಾಬ್ಲಿನ್‌ಗಳನ್ನ ನಾನೇ ಆಡಿಸ್ತೀನಿ.”