ಮಂಡಕಳ್ಳಿಯ ಗಾಳಿ, ಸೋಗಾನೆಯ ಮೋಡ

2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಸಣ್ಣ ಎಟಿಆರ್ ವಿಮಾನ ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ಇಳಿಯಿತು. ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ಸಚಿವ ಎಂ.ಬಿ. ಪಾಟೀಲ ಇಬ್ಬರೂ ಅದರಲ್ಲಿದ್ದರು. ಕುವೆಂಪು ಹೆಸರಿನ ಆ ನಿಲ್ದಾಣ ಉದ್ಘಾಟನೆಯಾಗಿ ಆಗಲೇ ಆರು ತಿಂಗಳು ಕಳೆದಿತ್ತು. ಕಮಲದಾಕಾರದ ಟರ್ಮಿನಲ್, ಮೂರು ಕಿಲೋಮೀಟರ್ ಮೀರಿದ ರನ್‌ವೇ, ಸುಮಾರು 450 ಕೋಟಿ ರೂಪಾಯಿ ಖರ್ಚು. ಎಟಿಆರ್‌ಗೆ ಅಷ್ಟು ಉದ್ದದ ರನ್‌ವೇ ಬೇಕೂ ಇಲ್ಲ. ಆದರೆ ಮಲೆನಾಡಿನ ಮಳೆಗಾಲ ಬಂತೆಂದರೆ ಅದೇ ವಿಮಾನ ಸೋಗಾನೆಯ ಮೇಲೆ ಬಂದು, ಮೋಡದ ಕೆಳಗೆ ನೆಲ ಕಾಣದೆ ಬೆಂಗಳೂರಿಗೆ ವಾಪಸಾದದ್ದೂ ಉಂಟು.

ಸಣ್ಣ ಊರುಗಳ ವಿಮಾನ ನಿಲ್ದಾಣಗಳ ಪಾಡು ಹೆಚ್ಚುಕಡಿಮೆ ಹೀಗೇ. ರನ್‌ವೇಗೆ ದುಡ್ಡು ಸಿಗುತ್ತದೆ, ಅದರ ಫೋಟೋ ಚೆನ್ನಾಗಿ ಬರುತ್ತದೆ. ಫೋಟೋಗೆ ಸಿಗದ ರೇಡಿಯೋ ಕಿರಣ, ಅಗ್ನಿಶಾಮಕ ವಾಹನದ ಪಾಳಿ, ಎಕ್ಸ್‌ರೇ ಪರದೆಯ ಮುಂದೆ ಕೂರುವ ತರಬೇತಾದ ಕಣ್ಣು, ಇವುಗಳ ಸರದಿ ಬಂದಾಗ ಕೈ ಬಿಗಿಯಾಗುತ್ತದೆ. ವಿಮಾನ ದಿನಾ ಬರುತ್ತದೋ ಇಲ್ಲವೋ ಎಂಬುದು ನಿಂತಿರುವುದು ಮಾತ್ರ ಇವುಗಳ ಮೇಲೆ.

ಹಾಗೆಂದು ರನ್‌ವೇಯ ಉದ್ದ ಲೆಕ್ಕಕ್ಕಿಲ್ಲ ಎಂದಲ್ಲ. ಮೈಸೂರಿನವರನ್ನು ಕೇಳಬೇಕು. ಅಲ್ಲಿನ ಮಂಡಕಳ್ಳಿ ನಿಲ್ದಾಣದ ರನ್‌ವೇ 1,740 ಮೀಟರ್. ಎಟಿಆರ್ 72 ಪೂರ್ತಿ ಭಾರ ಹೊತ್ತು ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಂಪಿನಲ್ಲಿ ಮೇಲೇಳಲು ಸುಮಾರು 1,300 ಮೀಟರ್ ಸಾಕು. ಕಾಗದದ ಮೇಲೆ 400 ಮೀಟರ್ ಮಿಗುತ್ತದೆ. ಆದರೆ ಮೈಸೂರು ಸಮುದ್ರಮಟ್ಟದಲ್ಲಿಲ್ಲ, ಅಲ್ಲಿನ ಏಪ್ರಿಲ್ ಮಧ್ಯಾಹ್ನ 15 ಡಿಗ್ರಿಯದ್ದೂ ಅಲ್ಲ.

ವಿಮಾನವನ್ನು ಎತ್ತುವುದು ರೆಕ್ಕೆಯ ಮೇಲೆ ಕೆಳಗೆ ಹರಿಯುವ ಗಾಳಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಬಿಸಿಯಾದಂತೆ ಇನ್ನಷ್ಟು ತೆಳುವಾಗುತ್ತದೆ. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ 40 ಡಿಗ್ರಿಯ ಗಾಳಿಯ ಸಾಂದ್ರತೆ ಶೇ 8ರಷ್ಟು ಕಡಿಮೆ. ತೆಳುಗಾಳಿಯಲ್ಲಿ ಅಷ್ಟೇ ಎತ್ತುಬಲ ಸಿಗಬೇಕಾದರೆ ವಿಮಾನ ಇನ್ನೂ ವೇಗವಾಗಿ ಓಡಬೇಕು. ಎಂಜಿನ್ನಿನ ಕಸುವೂ ಅದೇ ಗಾಳಿಯಿಂದ ಬರಬೇಕಾದ್ದರಿಂದ ಅದೂ ಕುಗ್ಗಿರುತ್ತದೆ. ರನ್‌ವೇ ಯೋಜಿಸುವ ಎಂಜಿನಿಯರುಗಳ ಬಳಿ ಇದಕ್ಕೊಂದು ಒರಟು ಸೂತ್ರವಿದೆ: ಪ್ರತಿ 300 ಮೀಟರ್ ಎತ್ತರಕ್ಕೆ ಉದ್ದದಲ್ಲಿ ಶೇ 7 ಸೇರಿಸಿ, ಆ ಎತ್ತರದ ಪ್ರಮಾಣಿತ ತಾಪಮಾನಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ ಶೇ 1 ಸೇರಿಸಿ. ಮೈಸೂರು 700 ಮೀಟರಿಗೂ ಮೇಲಿದೆ, ಅದಕ್ಕೆ ಶೇ 16. ಆ ಎತ್ತರದಲ್ಲಿ ಪ್ರಮಾಣಿತ ತಾಪಮಾನ ಹತ್ತೂವರೆ ಡಿಗ್ರಿ, ಬೇಸಿಗೆಯ ಮಧ್ಯಾಹ್ನ 35, ಅದಕ್ಕೆ ಶೇ 24. ಎರಡನ್ನೂ ಗುಣಿಸಿ ನೋಡಿದರೆ ಮಂಡಕಳ್ಳಿಯ 1,740 ಮೀಟರ್ ಬೇಸಿಗೆಯಲ್ಲಿ ಸಮುದ್ರಮಟ್ಟದ 1,200 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಎಟಿಆರ್‌ಗೂ ಭಾರದ ಲೆಕ್ಕ ನೋಡಿಯೇ ಹೊರಡಬೇಕಾದ ಸ್ಥಿತಿ. ಹಾರಾಟದ ದೂರ ಕಡಿಮೆ, ಹೊರುವ ಇಂಧನವೂ ಕಡಿಮೆ, ಹಾಗಾಗಿ ನಡೆಯುತ್ತದೆ. ಏರ್‌ಬಸ್ 320ರ ಮಾತೆತ್ತುವ ಹಾಗೇ ಇಲ್ಲ.

ರನ್‌ವೇಯನ್ನು 2,750 ಮೀಟರಿಗೆ ಬೆಳೆಸುವ ಯೋಜನೆ ಇದೆ. ಬೆಳೆಸಬೇಕಾದ ದಿಕ್ಕಿಗೆ ನಂಜನಗೂಡು ಹೆದ್ದಾರಿ ಅಡ್ಡ ಬರುತ್ತದೆ. ಅದನ್ನು ರನ್‌ವೇಯ ಅಡಿಯಿಂದ ಹಾಯಿಸಬೇಕು, ಜೊತೆಗೆ ಭೂಸ್ವಾಧೀನ. ದಸರಾ ಬಂದಾಗಲೆಲ್ಲ ಈ ಮಾತು ಮತ್ತೆ ಪತ್ರಿಕೆಗೆ ಬರುತ್ತದೆ.

ಮೇಲೇಳುವುದು ಗಾಳಿಯ ಲೆಕ್ಕವಾದರೆ ಇಳಿಯುವುದು ಕಣ್ಣಿನ ಲೆಕ್ಕ. ಯಾವ ಉಪಕರಣದ ಆಸರೆಯೂ ಇಲ್ಲದೆ ಕಣ್ಣಳತೆಯಲ್ಲೇ ಇಳಿಯಬೇಕಾದರೆ ಸಾಮಾನ್ಯವಾಗಿ ಐದು ಕಿಲೋಮೀಟರ್ ದೂರದ ತನಕ ಸ್ಪಷ್ಟವಾಗಿ ಕಾಣಬೇಕು. ದೊಡ್ಡ ನಿಲ್ದಾಣಗಳಲ್ಲಿ ಐಎಲ್‌ಎಸ್ ಎಂಬ ವ್ಯವಸ್ಥೆ ಇರುತ್ತದೆ. ರನ್‌ವೇ ತುದಿಯ ಆಂಟೆನಾ ಸಾಲು ಎರಡು ರೇಡಿಯೋ ಕಿರಣಗಳನ್ನು ಬೀರುತ್ತದೆ, ಒಂದರಲ್ಲಿ 90 ಹರ್ಟ್ಸ್, ಇನ್ನೊಂದರಲ್ಲಿ 150 ಹರ್ಟ್ಸ್ ಸಂಕೇತ. ವಿಮಾನ ನಡುಗೆರೆಯ ಮೇಲೆ ಸರಿಯಾಗಿ ಬರುತ್ತಿದ್ದರೆ ಎರಡೂ ಸಮನಾಗಿ ಕೇಳಿಸುತ್ತವೆ. ಎಡಕ್ಕೋ ಬಲಕ್ಕೋ ಸರಿದರೆ ಒಂದು ಜೋರಾಗುತ್ತದೆ, ಕಾಕ್‌ಪಿಟ್ಟಿನ ಮುಳ್ಳು ವಾಲುತ್ತದೆ. ಇಂಥದೇ ಇನ್ನೊಂದು ಜೋಡಿ ಸುಮಾರು ಮೂರು ಡಿಗ್ರಿಯ ಇಳಿಜಾರನ್ನು ತೋರಿಸುತ್ತದೆ. ಇದರ ಮೊದಲ ದರ್ಜೆಯೇ ಸಾಕು, ನೆಲದಿಂದ 60 ಮೀಟರ್ ಎತ್ತರದ ತನಕ ಮೋಡದೊಳಗೇ ಇಳಿದು, 550 ಮೀಟರ್ ದೂರ ಕಂಡರೂ ಸಾಕೆಂದು ರನ್‌ವೇ ಮುಟ್ಟಬಹುದು. ಐದು ಕಿಲೋಮೀಟರ್ ಎಲ್ಲಿ, 550 ಮೀಟರ್ ಎಲ್ಲಿ! ಮಲೆನಾಡಿನ ಜುಲೈ ತಿಂಗಳಲ್ಲಿ ವಿಮಾನ ಬರುವುದು, ಬಾರದಿರುವುದು ಈ ವ್ಯತ್ಯಾಸದಲ್ಲಿ ತೀರ್ಮಾನವಾಗುತ್ತದೆ.

ಐಎಲ್‌ಎಸ್ ದುಬಾರಿ. ಪ್ರತಿ ರನ್‌ವೇ ತುದಿಗೂ ಬೇರೆ ಬೇರೆ ಬೇಕು, ಮುಂದಿನ ನೆಲ ಸಮತಟ್ಟಾಗಿರಬೇಕು, ವಿಶೇಷ ವಿಮಾನ ಹಾರಿಸಿ ಆಗಾಗ ಅದರ ಕಿರಣ ಸರಿಯಿದೆಯೇ ಎಂದು ಅಳೆಯಬೇಕು. ಇದಕ್ಕೊಂದು ಪರ್ಯಾಯ ಬೆಂಗಳೂರಿನಲ್ಲೇ ಇದೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಇರುವುದು ಕುಂದಲಹಳ್ಳಿಯಲ್ಲಿ. ಐಟಿ ಕಂಪನಿಗಳ ಸಂತೆಯ ನಡುವೆ ಅದು ಯಾರ ಕಣ್ಣಿಗೂ ಬಿದ್ದಂತಿಲ್ಲ.

ಗಗನ್ ಮಾಡುವ ಕೆಲಸ ಜಿಪಿಎಸ್‌ನ ತಪ್ಪು ತಿದ್ದುವುದು. ಉಪಗ್ರಹದ ಸಂಕೇತ ಭೂಮಿಗೆ ಬರುವ ದಾರಿಯಲ್ಲಿ ಅಯಾನುಗೋಳವನ್ನು ಹಾಯುತ್ತದೆ. ಅಲ್ಲಿನ ಬಿಡಿ ಎಲೆಕ್ಟ್ರಾನುಗಳು ಸಂಕೇತವನ್ನು ತುಸು ತಡೆಯುತ್ತವೆ. ಆ ತುಸು ತಡವೇ ಕೆಳಗೆ ಹಲವು ಮೀಟರುಗಳ ವ್ಯತ್ಯಾಸವಾಗುತ್ತದೆ. ದಾರಿ ತಪ್ಪಿದ ಆಟೊ ಚಾಲಕನಿಗೆ ಅಷ್ಟು ವ್ಯತ್ಯಾಸ ನಡೆದೀತು, ಮೋಡದೊಳಗೆ ಇಳಿಯುವ ಪೈಲಟ್‌ಗೆ ನಡೆಯದು. ಅಮೆರಿಕ 2003ರಲ್ಲೇ ಇಂಥ ವ್ಯವಸ್ಥೆ ಶುರು ಮಾಡಿತ್ತು. ಅದನ್ನೇ ತಂದು ಇಲ್ಲಿ ನೆಡುವ ಹಾಗಿರಲಿಲ್ಲ. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುತ್ತದೆ, ಹಾಗಾಗಿ ನಮ್ಮ ತಲೆಯ ಮೇಲಿನ ಅಯಾನುಗೋಳ ವಿಪರೀತ ಚಂಚಲ. ಸೂರ್ಯ ಮುಳುಗಿದ ಮೇಲೆ ಅದರಲ್ಲಿ ಗುಳ್ಳೆಗಳೆದ್ದು ಸಂಕೇತ ತುಂಡಾಗುವುದೂ ಇದೆ. ಇಸ್ರೊದವರು ದೇಶದ 15 ಕಡೆ ಉಲ್ಲೇಖ ಕೇಂದ್ರಗಳನ್ನಿಟ್ಟು ಅಳೆದು, ಇಲ್ಲಿನ ಆಕಾಶಕ್ಕೆಂದೇ ಬೇರೆ ಮಾದರಿ ರೂಪಿಸಬೇಕಾಯಿತು. ತಿದ್ದುಪಡಿಯನ್ನು ಜಿಸ್ಯಾಟ್ ಸರಣಿಯ ಭೂಸ್ಥಿರ ಉಪಗ್ರಹಗಳು ಬಿತ್ತರಿಸುತ್ತವೆ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಎಟಿಆರ್ ಒಂದು ಗಗನ್ ನೆರವಿನಿಂದ ಇಳಿದು ತೋರಿಸಿತು. ಕಿಶನ್‌ಗಢವೂ ಶಿವಮೊಗ್ಗದಂಥದೇ ಸಣ್ಣ ನಿಲ್ದಾಣ ಎಂಬುದನ್ನು ಗಮನಿಸಬೇಕು.

ಸುರಕ್ಷತೆಯ ನಿಯಮಗಳ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಮಂಗಳೂರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿನ ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಉಳಿದವರು ಎಂಟೇ ಮಂದಿ. 2,450 ಮೀಟರಿನ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ವಿಮಾನ ನೆಲ ಮುಟ್ಟಿತ್ತು. ತನಿಖೆ ಮುಖ್ಯ ಕಾರಣವೆಂದು ಬೊಟ್ಟು ಮಾಡಿದ್ದು ಸರಿಯಿಲ್ಲದ ಇಳಿತವನ್ನು ಕೈಬಿಡದ ಕ್ಯಾಪ್ಟನ್ ಕಡೆಗೆ. ಆದರೂ ರನ್‌ವೇಯ ಆಚೆ ಖಾಲಿ ಬಿಡಬೇಕಾದ ಸುರಕ್ಷಾ ಪ್ರದೇಶದ ಚರ್ಚೆ ದೇಶದಲ್ಲಿ ಶುರುವಾದದ್ದು ಅಲ್ಲಿಂದಲೇ. ಅಂತರರಾಷ್ಟ್ರೀಯ ನಿಯಮದಲ್ಲಿ ಈ ಪ್ರದೇಶ ಕನಿಷ್ಠ 90 ಮೀಟರ್, ಶಿಫಾರಸು 240 ಮೀಟರ್. ಬಯಲುಸೀಮೆಯಲ್ಲಿ ಅದು ಇನ್ನಷ್ಟು ಎಕರೆಯ ಪ್ರಶ್ನೆ. ಗುಡ್ಡದ ಮೇಲೆ ಅದು ಕಣಿವೆಯನ್ನೇ ತುಂಬಿಸುವ ಪ್ರಶ್ನೆ. ಹತ್ತು ವರ್ಷದ ಮೇಲೆ ಕೋಳಿಕ್ಕೋಡಿನ ಟೇಬಲ್‌ಟಾಪ್ ರನ್‌ವೇಯಲ್ಲಿ ಅಂಥದೇ ದುರಂತ ನಡೆದು 21 ಜನ ಸತ್ತಾಗ ಇದೇ ಚರ್ಚೆ ಮತ್ತೆ ಎದ್ದಿತು.

ಕೆಲವು ನಿಯಮಗಳು ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ. ಅಗ್ನಿಶಾಮಕ ದರ್ಜೆಯನ್ನೇ ನೋಡಿ. ಬಂದಿಳಿಯುವ ವಿಮಾನದ ಉದ್ದ ಮತ್ತು ಒಡಲಿನ ಅಗಲ ನೋಡಿ ಒಂದರಿಂದ ಹತ್ತರವರೆಗೆ ದರ್ಜೆ ನಿಗದಿಯಾಗುತ್ತದೆ. ಎಟಿಆರ್ 72ರ ಉದ್ದ 27 ಮೀಟರ್ ಚಿಲ್ಲರೆ, ಅದಕ್ಕೆ ಐದನೇ ದರ್ಜೆ, ಒಂದು ಅಗ್ನಿಶಾಮಕ ವಾಹನ ಸಾಕು. ಏರ್‌ಬಸ್ 320 ಬರಬೇಕಾದರೆ ಆರನೇ ದರ್ಜೆ, ಎರಡು ವಾಹನ. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ತಲುಪಿ ನೊರೆ ಚೆಲ್ಲಲು ಶುರು ಮಾಡಬೇಕು. ದಿನಕ್ಕೆ ಎರಡು ವಿಮಾನ ಬಂದರೂ, ಇಪ್ಪತ್ತು ಬಂದರೂ ವಾಹನ, ಚಾಲಕ, ಪಾಳಿ, ತಾಲೀಮು ಎಲ್ಲ ಅಷ್ಟೇ. ಜಾತ್ರೆಗೆ ನೂರು ಜನ ಬರಲಿ, ಸಾವಿರ ಜನ ಬರಲಿ, ತೇರಿನ ಹಗ್ಗದ ಖರ್ಚು ಒಂದೇ.

ಭದ್ರತೆಯ ಲೆಕ್ಕವೂ ಬೇರೆಯಲ್ಲ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಬಳಿಕ, 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಶುರುವಾಗಿ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರದ ಸಿಐಎಸ್‌ಎಫ್ ಪಡೆಯ ಕೈಗೆ ಬಂತು. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ನಿಲ್ದಾಣಗಳಲ್ಲಿ ಮಾತ್ರ ಭದ್ರತೆಯನ್ನೂ ಅಗ್ನಿಶಾಮಕ ಸೇವೆಯನ್ನೂ ರಾಜ್ಯ ಸರ್ಕಾರವೇ ಉಚಿತವಾಗಿ ಒದಗಿಸಬೇಕು ಎಂಬ ಷರತ್ತಿದೆ. ಪಾಲಿಸಬೇಕಾದ ನಿಯಮಗಳು ದೆಹಲಿಯ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊದವು. ಊರು ಸಣ್ಣದೆಂದು ಅದು ರಿಯಾಯಿತಿ ಕೊಡುವುದಿಲ್ಲ. ಕೊಡಲೂಬಾರದು. 2020ರ ಜನವರಿ 20ರಂದು ಮಂಗಳೂರು ನಿಲ್ದಾಣದ ಟಿಕೆಟ್ ಕೌಂಟರ್ ಬಳಿ ವಾರಸುದಾರರಿಲ್ಲದ ಬ್ಯಾಗೊಂದು ಸಿಐಎಸ್‌ಎಫ್ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಒಳಗಿದ್ದದ್ದು ಬಾಂಬ್. ಬಯಲಿಗೆ ಒಯ್ದು ಸ್ಫೋಟಿಸಿ ನಿಷ್ಕ್ರಿಯಗೊಳಿಸಿದರು. ಅಲ್ಲಿ ಕೆಲಸಕ್ಕೆ ಬಂದದ್ದು ಮನುಷ್ಯರ ಎಚ್ಚರ.

ಯಂತ್ರದ ಕಣ್ಣಿಗೂ ಮಿತಿಯಿದೆ. ಈಗ ಬಹುತೇಕ ಕಡೆ ಇರುವ ಎಕ್ಸ್‌ರೇ ಯಂತ್ರ ಎರಡು ಶಕ್ತಿಯ ಕಿರಣಗಳನ್ನು ಬ್ಯಾಗಿನ ಮೂಲಕ ಹಾಯಿಸುತ್ತದೆ. ಕಡಿಮೆ ಶಕ್ತಿಯ ಕಿರಣವನ್ನು ಕಬ್ಬಿಣ, ತಾಮ್ರದಂಥ ಭಾರದ ಪರಮಾಣುಗಳು ಗಬಕ್ಕನೆ ಹೀರುತ್ತವೆ. ಇಂಗಾಲ, ಆಮ್ಲಜನಕದಂಥ ಹಗುರ ಪರಮಾಣುಗಳು ಅಷ್ಟು ಹೀರುವುದಿಲ್ಲ. ಎರಡರ ಅನುಪಾತ ನೋಡಿ ಯಂತ್ರ ಬಣ್ಣ ಹಚ್ಚುತ್ತದೆ: ಲೋಹಕ್ಕೆ ನೀಲಿ, ಸಾವಯವ ವಸ್ತುವಿಗೆ ಕಿತ್ತಳೆ, ನಡುವಿನವಕ್ಕೆ ಹಸಿರು. ತೊಂದರೆ ಏನೆಂದರೆ ಮೈಸೂರುಪಾಕಿನ ಡಬ್ಬಿಯೂ ಕಿತ್ತಳೆ, ಸೋಪೂ ಕಿತ್ತಳೆ, ಅನೇಕ ಸ್ಫೋಟಕಗಳೂ ಕಿತ್ತಳೆ. ಮೇಲಾಗಿ ಒಂದರ ಮೇಲೊಂದು ಇದ್ದ ವಸ್ತುಗಳೆಲ್ಲ ಚಿತ್ರದಲ್ಲಿ ಕಲೆಸಿಹೋಗುತ್ತವೆ. ಲ್ಯಾಪ್‌ಟಾಪ್ ಹೊರಗಿಡಿ ಎಂದು ಗದರುವುದು ಈ ಕಾರಣಕ್ಕೆ. ಹೊಸ ಯಂತ್ರಗಳು ಆಸ್ಪತ್ರೆಯ ಸಿಟಿ ಸ್ಕ್ಯಾನ್ ಮಾದರಿಯವು. ಕಿರಣದ ಮೂಲ ಬ್ಯಾಗಿನ ಸುತ್ತ ತಿರುಗುತ್ತ ನೂರಾರು ಚಿತ್ರ ತೆಗೆದು ಪ್ರತಿ ಬಿಂದುವಿನ ಸಾಂದ್ರತೆಯನ್ನು ಲೆಕ್ಕ ಹಾಕುತ್ತದೆ. ಬ್ಯಾಗನ್ನು ಪರದೆಯ ಮೇಲೆ ತಿರುಗಿಸಿ ಪದರ ಪದರವಾಗಿ ನೋಡಬಹುದು.

ಈ ಹೊಸ ಯಂತ್ರ ಒಂದು ಟನ್‌ಗೂ ಹೆಚ್ಚು ತೂಗುತ್ತದೆ. ಸಣ್ಣ ಟರ್ಮಿನಲ್ಲಿನ ನೆಲ ಬಲಪಡಿಸಬೇಕು, ಜಾಗ ಹಿಗ್ಗಿಸಬೇಕು. ಬ್ರಿಟನ್ ಈ ಪಾಡನ್ನು ಆಗಲೇ ಅನುಭವಿಸಿದೆ. ಹೊಸ ಯಂತ್ರ ಅಳವಡಿಸಲು 2024ರ ಜೂನ್ 1 ಕೊನೆಯ ಗಡುವೆಂದು ಅಲ್ಲಿನ ಸರ್ಕಾರ ಹೇಳಿತ್ತು. ಟೀಸೈಡ್, ಲಂಡನ್ ಸಿಟಿಯಂಥ ಸಣ್ಣ ನಿಲ್ದಾಣಗಳು ಹೀಥ್ರೂಗಿಂತ ಮೊದಲೇ ದುಡ್ಡು ಹಾಕಿ ಯಂತ್ರ ತಂದು, ಎರಡು ಲೀಟರ್ ತನಕದ ದ್ರವ ಒಯ್ಯಬಹುದು ಎಂದು ಸಾರಿದವು. ಗಡುವು ಕಳೆದ ಎಂಟೇ ದಿನಕ್ಕೆ, ಜೂನ್ 9ರಂದು, ಯಂತ್ರಗಳ ತಪಾಸಣೆಯನ್ನು ಇನ್ನಷ್ಟು ಸುಧಾರಿಸಬೇಕೆಂದು ಸರ್ಕಾರ ಆರು ಪ್ರಾದೇಶಿಕ ನಿಲ್ದಾಣಗಳಲ್ಲಿ ಹಳೆಯ 100 ಮಿಲಿಲೀಟರ್ ಮಿತಿಯನ್ನೇ ಮತ್ತೆ ಹೇರಿತು. ಗಡುವನ್ನು ನಂಬಿ ಮೊದಲು ಖರ್ಚು ಮಾಡಿದವರಿಗೇ ಪೆಟ್ಟು! ಭಾರತದಲ್ಲಿ ಹೊಸ ಯಂತ್ರದ ಆದೇಶ ಮೊದಲು ವರ್ಷಕ್ಕೆ ಒಂದು ಕೋಟಿ, ಆಮೇಲೆ 50 ಲಕ್ಷ ಪ್ರಯಾಣಿಕರಿಗಿಂತ ಹೆಚ್ಚಿರುವ ನಿಲ್ದಾಣಗಳಿಗೆ. ಕರ್ನಾಟಕದಲ್ಲಿ ಬೆಂಗಳೂರು ಬಿಟ್ಟರೆ ಆ ಗೆರೆಯ ಹತ್ತಿರ ಇನ್ಯಾವ ನಿಲ್ದಾಣವೂ ಇಲ್ಲ. ಮಂಗಳೂರಿನದೇ 20 ಲಕ್ಷದ ಆಸುಪಾಸು. ಸಣ್ಣವರಿಗೆ ಸದ್ಯಕ್ಕೆ ಉಸಿರಾಡಲು ಸಮಯ ಸಿಕ್ಕಿದೆ.

ಇಷ್ಟೆಲ್ಲ ಮಾಡಿದ ಮೇಲೂ ವಿಮಾನ ಬರಬೇಕಲ್ಲ. 2017ರ ಏಪ್ರಿಲಿನಲ್ಲಿ ಶಿಮ್ಲಾ–ದೆಹಲಿ ಹಾರಾಟದಿಂದ ಶುರುವಾದ ಉಡಾನ್ ಯೋಜನೆಯಲ್ಲಿ ಒಂದು ತಾಸಿನ ಪ್ರಯಾಣದ ನಿಗದಿತ ಸೀಟುಗಳಿಗೆ 2,500 ರೂಪಾಯಿ ಮಿತಿ ಹಾಕಿದರು. ವಿಮಾನ ಕಂಪನಿಯ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಮೂರು ವರ್ಷದ ಮೇಲೆ ಏನಾಯಿತು? ಮಹಾಲೇಖಪಾಲರ 2023ರ ವರದಿಯೇ ಹೇಳುತ್ತದೆ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಮುಗಿಸಿದ್ದು 112. ನೆರವು ನಿಂತ ಮೇಲೂ 2023ರ ಮಾರ್ಚ್ ವೇಳೆಗೆ ಉಸಿರಾಡುತ್ತಿದ್ದದ್ದು 54. ಬೀದರಿನ ಕಥೆ ಈ ಅಂಕಿಗಳಿಗೆ ಒಳ್ಳೆಯ ಉದಾಹರಣೆ. ವಾಯುಪಡೆಯ ನೆಲೆ, ರನ್‌ವೇ ಎಲ್ಲ ಇದ್ದೂ ನಾಗರಿಕ ಟರ್ಮಿನಲ್ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಹೈದರಾಬಾದಿನ ಶಂಶಾಬಾದ್ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರಿನೊಳಗೆ ಪೈಪೋಟಿ ಇರಬಾರದೆಂಬ ಷರತ್ತು ಅಡ್ಡಬಂದಿತ್ತು. ಅದು ಬಗೆಹರಿದು 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಬಂತು. ಕೋವಿಡ್ ಬಂತು, ಟ್ರೂಜೆಟ್ ಹೋಯಿತು. 2022ರಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ನಿಂತಿತು, 2025ರ ಏಪ್ರಿಲಿನಲ್ಲಿ ಮತ್ತೆ ಬಂತು. ಇಂಥ ಸೇವೆಯನ್ನು ನಂಬಿ ಬೀದರಿನ ವ್ಯಾಪಾರಿ ಬೆಂಗಳೂರಿನ ಭೇಟಿಯನ್ನು ಹೇಗೆ ನಿಗದಿ ಮಾಡಿಕೊಂಡಾನು? ಆತ ರಾತ್ರಿ ಬಸ್ಸಿಗೆ ಸೀಟು ಕಾದಿರಿಸುತ್ತಾನೆ, ವಿಮಾನದ ಸೀಟು ಖಾಲಿ ಹೋಗುತ್ತದೆ, ಕಂಪನಿ ಮತ್ತೆ ಸೇವೆ ನಿಲ್ಲಿಸುತ್ತದೆ.

2025ರ ಬಜೆಟ್‌ನಲ್ಲಿ ಉಡಾನ್‌ನ ಪರಿಷ್ಕೃತ ರೂಪ ಘೋಷಣೆಯಾಯಿತು: ಹತ್ತು ವರ್ಷದಲ್ಲಿ 120 ಹೊಸ ಊರುಗಳು, ನಾಲ್ಕು ಕೋಟಿ ಪ್ರಯಾಣಿಕರು. ಕರ್ನಾಟಕದ ಸರದಿಯಲ್ಲಿ ವಿಜಯಪುರ, ಹಾಸನ, ರಾಯಚೂರುಗಳು ನಿಂತಿವೆ. ವಿಜಯಪುರದ ಬುರಣಾಪುರದಲ್ಲಿ ರನ್‌ವೇ, ಟರ್ಮಿನಲ್ ಎದ್ದು ನಿಂತರೂ ಪರಿಸರ ಅನುಮತಿಯ ತಕರಾರಿನಲ್ಲಿ ಉದ್ಘಾಟನೆ ಮುಂದಕ್ಕೆ ಹೋಗುತ್ತಲೇ ಬಂತು. ಮುಂದಿನ ನಿಲ್ದಾಣಗಳ ಅಂದಾಜು ಪಟ್ಟಿ ಬರೆಯುವಾಗ ಟರ್ಮಿನಲ್ಲಿನ ಆಕಾರಕ್ಕಿಂತ ಮೊದಲು ಐಎಲ್‌ಎಸ್ ಅಥವಾ ಗಗನ್ ಇಳಿತದ ನಕ್ಷೆ, ಹವಾಮಾನ ಉಪಕರಣ, ರಾತ್ರಿ ದೀಪ ಮತ್ತು ಹತ್ತು ವರ್ಷದ ಸಿಬ್ಬಂದಿ ಸಂಬಳವನ್ನು ಬರೆಯಬೇಕು. ಗಗನ್ ನಕ್ಷೆಗಂತೂ ನೆಲದ ಮೇಲೆ ಹೊಸ ಆಂಟೆನಾ ಕೂಡ ಬೇಡ. ರನ್‌ವೇ ಸುತ್ತಲಿನ ಗುಡ್ಡ, ಗೋಪುರಗಳ ಸರ್ವೆ ಆಗಬೇಕು, ವಿಮಾನಯಾನ ಮಹಾನಿರ್ದೇಶನಾಲಯ ಅದನ್ನು ಒಪ್ಪಬೇಕು, ಬರುವ ವಿಮಾನದಲ್ಲಿ ಗಗನ್ ಹಿಡಿಯುವ ರಿಸೀವರ್ ಇರಬೇಕು.